ಶಿಷ್ಯ ಕೊಡದ ಊಟ

ಮೊನ್ನೆ ನನ್ನ ಹಳೆಯ ಶಿಷ್ಯನೊಬ್ಬ ನನಗೆ ಊಟ ಕೊಡುವುದಿಲ್ಲ ಎಂದುಬಿಟ್ಟ. ಪುಕ್ಕಟೆ ಕೇಳಿದ್ದಲ್ಲ, ಸಾಲವನ್ನೂ ಕೇಳಿದ್ದಲ್ಲ. ಅರವತ್ತು ಮಕ್ಕಳಿಗೆ ಪಲಾವು ಬೇಕಿತ್ತು, ಮುಂಗಡದ ಹಣ ಜೇಬಿನಲ್ಲೇ ಇತ್ತು.

ಅವನ ಹೋಟೆಲು ನಮ್ಮ ಬೇಲೂರಿನಲ್ಲಿ ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿದೆ. ಶಾಲೆಯಲ್ಲಿ ಕೊನೆಯ ಬೆಂಚಿನವನು. ವಿಜ್ಞಾನದಲ್ಲಿ ಮೂವತ್ತೈದು ದಾಟಿಸಲು ನಾನೂ ಅವನೂ ಸಮವಾಗಿ ಬೆವರು ಸುರಿಸಿದ್ದೆವು. ಗಲ್ಲಾದಲ್ಲಿ ಕೂತಿದ್ದವನು ನನ್ನನ್ನು ಕಂಡೊಡನೆ ಎದ್ದು ನಿಂತ. ಕಾಫಿ ತರಿಸಿದ. ಪ್ರವಾಸದ ವಿಷಯ ಹೇಳಿದೆ.

“ಎಷ್ಟೊತ್ತಿಗೆ ಹೊರಡ್ತೀರ ಸಾರ್?”

“ಬೆಳಗಿನ ಜಾವ ನಾಲ್ಕಕ್ಕೆ ಬಸ್ಸು. ಚಿತ್ರದುರ್ಗ.”

“ಊಟ?”

“ಕೋಟೆ ಹತ್ತಿ ಇಳಿಯೋ ಹೊತ್ತಿಗೆ ಎರಡಾಗುತ್ತಪ್ಪ.”

“ಹಾಗಾದ್ರೆ ಪಲಾವು ಕಟ್ಟಿಕೊಡೋಕಾಗಲ್ಲ ಸಾರ್. ತಪ್ಪು ತಿಳ್ಕೋಬೇಡಿ.”

ಅವನ ತಲೆಯ ಮೇಲೆ, ಚೆನ್ನಕೇಶವನ ಪಟದ ಪಕ್ಕದಲ್ಲಿ, ಹೊಸದಾಗಿ ಕಟ್ಟು ಹಾಕಿಸಿದ ಒಂದು ಸರ್ಟಿಫಿಕೇಟು ಇತ್ತು. ಆಹಾರ ಸುರಕ್ಷತಾ ಮೇಲ್ವಿಚಾರಕನಾಗಿ ತರಬೇತಿ ಪಡೆದಿದ್ದಾನೆ ಎಂಬ ಒಕ್ಕಣೆ. ನನಗೆ ಒಳಗೊಳಗೇ ನಗು ಬಂತು. ಮರುಗಳಿಗೆಯಲ್ಲೇ ಆ ನಗು ಇಂಗಿಹೋಯಿತು. ಏಕೆಂದರೆ ಅವನು ಹೇಳಿದ ಮಾತು ನನಗೆ ಹದಿನೈದು ವರ್ಷದ ಹಿಂದೆಯೇ ಗೊತ್ತಿರಬೇಕಾಗಿತ್ತು.

ಆಗಲೂ ಶಾಲೆಯ ಪ್ರವಾಸವೇ. ಮೈಸೂರಿಗೆ. ರಾತ್ರಿ ಒಂದು ಗಂಟೆಗೆ ಒಲೆ ಹಚ್ಚಿ ಮೂರಕ್ಕೆ ಪಲಾವು ಇಳಿಸಿದರು. ಬಿಸಿ ಇದ್ದಂತೆಯೇ ದೊಡ್ಡ ಕೊಳಗಗಳಿಗೆ ತುಂಬಿ, ಮುಚ್ಚಳ ಬಿಗಿದು, ಬಸ್ಸಿನ ಹಿಂದಿನ ಸೀಟಿನಲ್ಲಿ ಇಟ್ಟೆವು. ಉಸ್ತುವಾರಿ ನನ್ನದು. ಮೃಗಾಲಯ ನೋಡಿ ಮುಗಿಸಿ ಎರಡು ಗಂಟೆಗೆ ಬಡಿಸಿದೆವು. ವಾಸನೆ ಚೆನ್ನಾಗಿತ್ತು, ರುಚಿಯೂ ಚೆನ್ನಾಗಿತ್ತು. ನಾನೇ ಮೊದಲು ತಿಂದು ನೋಡಿದ್ದೆ. ಸಂಜೆ ಐದರ ಹೊತ್ತಿಗೆ ವಾಪಸು ಬರುವ ಬಸ್ಸಿನಲ್ಲಿ ಒಬ್ಬ ಹುಡುಗ ವಾಂತಿ ಮಾಡಿಕೊಂಡ. ಬಸ್ಸಿನ ವಾಂತಿ ಎಂದುಕೊಂಡೆ. ಆರಕ್ಕೆ ಐದು ಮಕ್ಕಳಾದರು. ದಾರಿಯಲ್ಲಿ ಸಿಕ್ಕ ಆಸ್ಪತ್ರೆಗೆ ಬಸ್ಸು ತಿರುಗಿಸುವ ಹೊತ್ತಿಗೆ ಹನ್ನೊಂದು.

ಬೆಳಗಾಗುವುದರೊಳಗೆ ಹತ್ತು ಮಕ್ಕಳು ಚೇತರಿಸಿಕೊಂಡರು. ಒಬ್ಬ ಹುಡುಗಿಯನ್ನು ಮಾತ್ರ ಎರಡು ರಾತ್ರಿ ಉಳಿಸಿಕೊಂಡರು. ಅವಳ ತಂದೆ ಕಾಫಿ ತೋಟದ ಕೂಲಿ ಬಿಟ್ಟು ಓಡಿಬಂದಿದ್ದರು. ಬೈಯುತ್ತಾರೆ ಎಂದು ಕಾದಿದ್ದೆ. “ನೀವು ಜೊತೇಲಿದ್ರಿ ಅಂತ ಧೈರ್ಯವಾಗಿ ಕಳಿಸಿದ್ದೆ ಸಾರ್” ಎಂದಷ್ಟೇ ಹೇಳಿ ಬಾಗಿಲ ಬಳಿ ಕೂತರು. ಬೈದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲವೇನೋ.

ಅಲ್ಲಿಯ ವೈದ್ಯರು ಕೇಳಿದ್ದು ಎರಡೇ ಪ್ರಶ್ನೆ. ಅನ್ನ ಎಷ್ಟು ಗಂಟೆಗೆ ಮಾಡಿದ್ದು, ಎಷ್ಟು ಗಂಟೆಗೆ ತಿಂದದ್ದು. ಉತ್ತರ ಕೇಳಿ, “ನೀವು ಏನು ಪಾಠ ಮಾಡ್ತೀರಿ?” ಎಂದರು. “ವಿಜ್ಞಾನ” ಎಂದೆ. ಅವರು ಮಾತು ಮುಂದುವರಿಸಲಿಲ್ಲ.

ಆ ಲೆಕ್ಕವನ್ನು ನಾನು ಎಷ್ಟು ಸಲ ಕಪ್ಪು ಹಲಗೆಯ ಮೇಲೆ ಮಾಡಿಲ್ಲ! ಬ್ಯಾಕ್ಟೀರಿಯಾ ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಬೆಚ್ಚಗಿನ ಅನ್ನದಲ್ಲಿ ಅರ್ಧ ಗಂಟೆಗೊಮ್ಮೆ ಇಮ್ಮಡಿ ಎಂದು ಇಟ್ಟುಕೊಳ್ಳಿ. ಹನ್ನೊಂದು ಗಂಟೆಯಲ್ಲಿ ಮೊದಲ ಮೂರು ಗಂಟೆ ಬಿಸಿ ಆರುವುದರಲ್ಲೇ ಕಳೆಯಿತು ಎಂದು ಬಿಟ್ಟುಬಿಡೋಣ. ಉಳಿದ ಎಂಟು ಗಂಟೆಗೆ ಹದಿನಾರು ಇಮ್ಮಡಿ. ಒಂದಿದ್ದದ್ದು 65,536 ಆಯಿತು. ನೂರಿದ್ದರೆ 65 ಲಕ್ಷ. ಹಲಗೆಯ ಮೇಲೆ ಒರೆಸಿದ ಲೆಕ್ಕ ಕೊಳಗದಲ್ಲಿ ನಡೆಯುತ್ತಲೇ ಇತ್ತು.

“ಕುದಿಸಿದ ಮೇಲೆ ಎಲ್ಲ ಸಾಯುತ್ತಲ್ಲ?” ಎಂದು ಓದುಗರು ಕೇಳಬಹುದು. ಎಲ್ಲವೂ ಸಾಯುವುದಿಲ್ಲ. ಮಣ್ಣಿನಿಂದ ಭತ್ತಕ್ಕೆ, ಭತ್ತದಿಂದ ಅಕ್ಕಿಗೆ ಬರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಇದೆ. ಕಷ್ಟಕಾಲ ಬಂದಾಗ ಅದು ಗಟ್ಟಿ ಕವಚದ ಬೀಜಕವಾಗುತ್ತದೆ. ಅನ್ನ ಬೇಯುವ ಕಾವನ್ನು ಈ ಬೀಜಕ ತಡೆದುಕೊಳ್ಳುತ್ತದೆ. ಅನ್ನ ಬೆಚ್ಚಗಾದಾಗ ಎಚ್ಚರಗೊಂಡು ಬೆಳೆಯುತ್ತದೆ, ವಿಷ ಉಗುಳುತ್ತದೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ತಿಂದ ಒಂದರಿಂದ ಆರು ಗಂಟೆಯೊಳಗೆ ವಾಂತಿ. 1970ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಚೀನೀ ಹೋಟೆಲುಗಳಲ್ಲಿ ಫ್ರೈಡ್ ರೈಸ್ ತಿಂದವರು ಹೀಗೆ ಸಾಲುಸಾಲಾಗಿ ಕಾಯಿಲೆ ಬಿದ್ದಾಗ ಈ ಕಥೆ ಬಯಲಾಯಿತು. ಅನ್ನವನ್ನು ರಾಶಿ ಹಾಕಿ ಹೊರಗೇ ಬಿಟ್ಟು, ಆಮೇಲೆ ಒಗ್ಗರಣೆ ಹಾಕಿ ಕೊಡುತ್ತಿದ್ದರು. ನಮ್ಮ ಮನೆಗಳಲ್ಲಿ ರಾತ್ರಿಯ ಅನ್ನ ಬೆಳಿಗ್ಗೆ ಚಿತ್ರಾನ್ನವಾಗುವ ಬಗೆ ಇದಕ್ಕಿಂತ ದೂರವೇನಲ್ಲ. ರಾತ್ರಿಯಿಡೀ ಹೊರಗೆ ಬಿಡದೆ, ಬೇಗ ಆರಿಸಿ ಫ್ರಿಜ್ಜಿನಲ್ಲಿಟ್ಟರೆ ಅಪಾಯ ಬಹಳ ಕಡಿಮೆ.

ಇನ್ನೊಂದು ಸ್ಟೆಫಿಲೊಕಾಕಸ್. ಇದು ಅಡುಗೆಯವರ ಮೂಗಿನಲ್ಲಿ, ಕೈಯ ಗಾಯದಲ್ಲಿ ಇರುತ್ತದೆ. ಇದರ ವಿಷವೂ ಕಾವಿಗೆ ಜಗ್ಗದು. ಬೆರಳಿಗೆ ಬಟ್ಟೆ ಸುತ್ತಿಕೊಂಡು ತೆಂಗಿನಕಾಯಿ ತುರಿಯುವವರನ್ನು ನೋಡಿ ನಾವು ಅಯ್ಯೋ ಪಾಪ ಎನ್ನುತ್ತೇವೆ. ಪಾಪ ಎನ್ನಬೇಕಾದದ್ದು ಚಟ್ನಿ ತಿನ್ನುವವರಿಗೂ.

ನಮ್ಮ ಹಿರಿಯರು ಸೂಕ್ಷ್ಮದರ್ಶಕ ನೋಡಿದವರಲ್ಲ. ಆದರೆ ಪ್ರಯಾಣಕ್ಕೆ ಕಟ್ಟುತ್ತಿದ್ದದ್ದು ಏನು? ಒಣ ರೊಟ್ಟಿ, ಚಟ್ನಿಪುಡಿ, ಅವಲಕ್ಕಿ, ಹುಣಿಸೆಹುಳಿ ಧಾರಾಳವಾಗಿ ಬಿದ್ದ ಪುಳಿಯೋಗರೆ. ಒಂದರಲ್ಲಿ ನೀರಿಲ್ಲ, ಇನ್ನೊಂದರಲ್ಲಿ ಹುಳಿ ಇದೆ. ನೀರಿಲ್ಲದ ಕಡೆ ಬ್ಯಾಕ್ಟೀರಿಯಾ ಬೆಳೆಯದು, ಹುಳಿಯಲ್ಲಿ ಬಹುಪಾಲು ಸೊರಗುತ್ತದೆ. ತರಕಾರಿ, ತೇವ, ಬಿಸಿ ಮೂರೂ ಸೇರಿದ ಪಲಾವಿಗೆ ಆ ರಕ್ಷಣೆ ಇಲ್ಲ. ಹಾಗೆಂದು ಪುಳಿಯೋಗರೆಯನ್ನು ಇಡೀ ದಿನ ಇಡಬಹುದು ಎಂದಲ್ಲ. ಹುಳಿ ಕಡಿಮೆಯಾದರೆ ಅದೂ ಬರೀ ಅನ್ನವೇ.

ಈಗ ಶಿಷ್ಯನ ಸರ್ಟಿಫಿಕೇಟಿಗೆ ಬರೋಣ. ಹಿಂದೆ 1954ರ ಕಲಬೆರಕೆ ತಡೆ ಕಾಯ್ದೆ ಇತ್ತು. ಇನ್‌ಸ್ಪೆಕ್ಟರ್ ಬರುತ್ತಿದ್ದರು, ಸ್ಯಾಂಪಲ್ ತೆಗೆದುಕೊಂಡು ಹೋಗುತ್ತಿದ್ದರು, ಕೇಸು ನಡೆಯುತ್ತಿತ್ತು. ಆ ಹೊತ್ತಿಗೆ ಊಟ ಯಾರ ಹೊಟ್ಟೆಯಲ್ಲೋ ಕರಗಿರುತ್ತಿತ್ತು. 2006ರಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಬಂತು, 2011ರ ಆಗಸ್ಟ್ 5ರಿಂದ ಜಾರಿಯಾಯಿತು. ಅಡುಗೆಮನೆ ಹೇಗಿರಬೇಕು, ಕೆಲಸದವರು ಹೇಗಿರಬೇಕು ಎಂಬುದನ್ನು ಆ ವರ್ಷದ ನಿಯಮಗಳ ನಾಲ್ಕನೇ ಅನುಸೂಚಿ ಹೇಳುತ್ತದೆ. ಆಹಾರ ಮುಟ್ಟುವವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕೆಂಬುದು ಅದರಲ್ಲೇ ಇದೆ. 2017ರಲ್ಲಿ ಫೋಸ್ಟ್ಯಾಕ್ ಎಂಬ ತರಬೇತಿ ಶುರುವಾಯಿತು. ಲೈಸೆನ್ಸು ಪಡೆದ ಹೋಟೆಲಿನಲ್ಲಿ ಇಪ್ಪತ್ತೈದು ಕೆಲಸಗಾರರಿಗೆ ಒಬ್ಬರಾದರೂ ತರಬೇತಿ ಪಡೆದ ಮೇಲ್ವಿಚಾರಕರು ಇರಬೇಕು ಎಂಬುದು ಅದರ ತಿರುಳು. ಒಂದು ದಿನದ ಪಾಠ, ಕೊನೆಗೊಂದು ಪರೀಕ್ಷೆ, ಆಮೇಲೆ ಸರ್ಟಿಫಿಕೇಟು.

ಇದರ ಹಿಂದಿನ ವಿಚಾರ ಅಡುಗೆಮನೆಯಲ್ಲಿ ಹುಟ್ಟಿದ್ದಲ್ಲ, ಆಕಾಶಕ್ಕೆ ಹೋಗುವವರ ಬುತ್ತಿಯಲ್ಲಿ ಹುಟ್ಟಿದ್ದು. 1960ರ ಸುಮಾರಿಗೆ ಅಮೆರಿಕದಲ್ಲಿ ಗಗನಯಾತ್ರಿಗಳಿಗೆ ಊಟ ತಯಾರಿಸುವ ಕೆಲಸ ಪಿಲ್ಸ್‌ಬರಿ ಕಂಪನಿಗೆ ಬಂತು. ವಾಂತಿ ಭೇದಿ ಶುರುವಾದರೆ ಅಲ್ಲಿ ಯಾವ ಆಸ್ಪತ್ರೆ? ತಯಾರಾದ ಪೊಟ್ಟಣಗಳನ್ನು ಪರೀಕ್ಷಿಸುತ್ತ ಹೋದರೆ ಪರೀಕ್ಷೆಗೇ ಎಲ್ಲ ಮುಗಿಯುತ್ತಿತ್ತು, ತಿನ್ನಲು ಉಳಿಯುತ್ತಿರಲಿಲ್ಲ. ಆದ್ದರಿಂದ ಕೊನೆಯಲ್ಲಿ ಹುಡುಕುವುದನ್ನು ಬಿಟ್ಟು, ತಪ್ಪು ಎಲ್ಲೆಲ್ಲಿ ನುಸುಳಬಹುದೋ ಆ ಹಂತಗಳನ್ನು ಗುರುತಿಸಿ ಅಲ್ಲಲ್ಲೇ ಕಾವಲು ಹಾಕಿದರು. ನನ್ನ ಶಿಷ್ಯ “ಎಷ್ಟೊತ್ತಿಗೆ ಹೊರಡ್ತೀರ, ಎಷ್ಟೊತ್ತಿಗೆ ಊಟ” ಎಂದು ಕೇಳಿದ್ದು ಅದೇ ಕಾವಲು.

“ಏನು ಕಲಿಸಿದರಪ್ಪ?” ಎಂದು ಕೇಳಿದೆ. ಬೆರಳು ಮಡಿಸುತ್ತ ಹೇಳಿದ. ಬಿಸಿ ಊಟ 60 ಡಿಗ್ರಿಯ ಮೇಲಿರಬೇಕು, ತಣ್ಣನೆಯದು 5 ಡಿಗ್ರಿಯ ಕೆಳಗಿರಬೇಕು, ನಡುವಿನ ಜಾಗದಲ್ಲಿ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಮತ್ತೆ ಬಿಸಿ ಮಾಡಿದರೆ ಒಳಗಿನವರೆಗೂ 75 ಮುಟ್ಟಬೇಕು. ಉಳಿದ ಸಾಂಬಾರನ್ನು ಕೊಳಗದಲ್ಲೇ ಬಿಡದೆ ಅಗಲವಾದ ತಟ್ಟೆಗಳಿಗೆ ಸುರಿದು ಬೇಗ ಆರಿಸಬೇಕು. ಹಸಿ ಮಾಂಸ ಕೊಯ್ದ ಹಲಗೆಯ ಮೇಲೆ ಸೌತೆಕಾಯಿ ಹೆಚ್ಚಬಾರದು. ಮೊದಲು ಬಂದ ದಿನಸಿ ಮೊದಲು ಖರ್ಚಾಗಬೇಕು. ಕರಿದ ಎಣ್ಣೆ ಕೆಟ್ಟ ಮೇಲೆ ಬಾಣಲೆಗೆ ಮರಳಬಾರದು. “ಇದೆಲ್ಲ ನೀವು ಸ್ಕೂಲಲ್ಲೇ ಹೇಳಿದ್ರಿ ಸಾರ್, ಆಗ ಯಾಕೆ ಅಂತ ಗೊತ್ತಾಗಿರಲಿಲ್ಲ” ಎಂದ. ಮೂವತ್ತೈದು ದಾಟಿಸಿದ್ದು ಸಾರ್ಥಕವಾಯಿತು.

ಹಾಗಂತ ಗೋಡೆಯ ಮೇಲಿನ ಕಾಗದ ತಾನಾಗಿ ಯಾರನ್ನೂ ಕಾಯುವುದಿಲ್ಲ. ತರಬೇತಿಗೆ ಹೋಗಿಬರುವುದು ಮಾಲೀಕ. ಬೆಳಗಿನ ಜಾವ ಅನ್ನ ಬಸಿಯುವುದು ಭಟ್ಟರು. ಪಾತ್ರೆ ತೊಳೆಯುವುದು ಯಾವುದೋ ದೂರದ ರಾಜ್ಯದಿಂದ ಬಂದ ಹುಡುಗ. ಅವನಿಗೆ ಕನ್ನಡ ಬಾರದು. ಆರು ತಿಂಗಳಿಗೊಮ್ಮೆ ಕೆಲಸದವರು ಬದಲಾಗುತ್ತಾರೆ. ಈ ಶಿಷ್ಯ ಒಂದು ಒಳ್ಳೆಯ ಕೆಲಸ ಮಾಡಿದ್ದಾನೆ. ಕೈ ತೊಳೆಯುವ ನಲ್ಲಿಯ ಮೇಲೆ ಅಕ್ಷರದ ಬದಲು ಚಿತ್ರ ಅಂಟಿಸಿದ್ದಾನೆ, ಒಂದು ಥರ್ಮಾಮೀಟರನ್ನು ಭಟ್ಟರ ಕೈಗೇ ಕೊಟ್ಟಿದ್ದಾನೆ. ಭಟ್ಟರು ಮೊದಲು ಮುನಿಸಿಕೊಂಡರಂತೆ, “ನನ್ನ ಸಾಂಬಾರಿಗೆ ಜ್ವರ ನೋಡ್ತೀಯೇನೋ” ಅಂತ. ಈಗ ಅವರೇ ಗಿರಾಕಿಗಳಿಗೆ ತೋರಿಸುತ್ತಾರೆ.

ಸರ್ಕಾರದ ಕಣ್ಣು ಹೆಚ್ಚಾಗಿ ಬಣ್ಣದ ಮೇಲೆ, ಪ್ಲಾಸ್ಟಿಕ್ಕಿನ ಮೇಲೆ ಬೀಳುತ್ತದೆ. 2024ರ ಮಾರ್ಚಿನಲ್ಲಿ ನಮ್ಮ ರಾಜ್ಯ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಆ ವರ್ಷ ಜೂನಿನಲ್ಲಿ ಕಬಾಬಿನ ಸರದಿ. 2025ರಲ್ಲಿ ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಬಳಸುವುದು ನಿಂತುಹೋಗಬೇಕು ಎಂದಿತು. ಒಳ್ಳೆಯದೇ. ಬಣ್ಣ ಕಣ್ಣಿಗೆ ಕಾಣುತ್ತದೆ. ಗಂಟೆ ಕಾಣುವುದಿಲ್ಲ. ಕೊಳಗದಲ್ಲಿ ಎಷ್ಟು ಹೊತ್ತು ಕಳೆದಿದೆ ಎಂದು ನೋಡಿ ಹೇಳಲು ಯಾರಿಂದಲೂ ಆಗದು, ನಾನು ರುಚಿ ನೋಡಿದಾಗ ಆಗಲಿಲ್ಲವಲ್ಲ. ಅದನ್ನು ಅಡುಗೆಯ ಉಸ್ತುವಾರಿ ಹೊತ್ತವರೇ ಬರೆದಿಡಬೇಕು.

ಉಸ್ತುವಾರಿ ಹೊತ್ತವರು ಎಂದರೆ ಹೋಟೆಲಿನವರು ಮಾತ್ರವಲ್ಲ. 2013ರ ಜುಲೈಯಲ್ಲಿ ಬಿಹಾರದ ಒಂದು ಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ತಿಂದು 23 ಮಕ್ಕಳು ತೀರಿಕೊಂಡರು. ಅಡುಗೆ ಎಣ್ಣೆಯಲ್ಲಿ ಕೀಟನಾಶಕ ಸೇರಿತ್ತು. ಮಕ್ಕಳಿಗೆ ಬಡಿಸುವ ಮುನ್ನ ಶಿಕ್ಷಕರು ರುಚಿ ನೋಡಬೇಕೆಂಬ ಕ್ರಮ ನಮ್ಮ ಶಾಲೆಗಳಲ್ಲೂ ಇದೆ. ಆದರೆ ಎಣ್ಣೆಯ ಡಬ್ಬ ಎಲ್ಲಿತ್ತು, ಪಕ್ಕದಲ್ಲಿ ಏನಿತ್ತು ಎಂದು ಉಗ್ರಾಣಕ್ಕೆ ಹೋಗಿ ನೋಡುವ ಮೇಷ್ಟ್ರು ಎಷ್ಟು ಜನ? ಛತ್ರದಲ್ಲಿ ಮಗಳ ಮದುವೆ ಮಾಡುವ ತಂದೆ, ಜಾತ್ರೆಯಲ್ಲಿ ಅನ್ನದಾನ ಮಾಡಿಸುವ ಭಕ್ತರು, ಪ್ರವಾಸ ಹೊರಡಿಸುವ ನನ್ನಂಥವರು, ಎಲ್ಲರೂ ಒಂದು ದಿನದ ಮಟ್ಟಿಗೆ ಹೋಟೆಲ್ ಮ್ಯಾನೇಜರುಗಳೇ.

ನಮ್ಮೂರಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಡಿಸೆಂಬರ್ ಬಂತೆಂದರೆ ನಾಡಿನ ಎಲ್ಲ ದಿಕ್ಕಿನಿಂದ ಶಾಲಾ ಬಸ್ಸುಗಳು ಬಂದು ನಿಲ್ಲುತ್ತವೆ. ಅವುಗಳ ಹಿಂದಿನ ಸೀಟಿನಲ್ಲಿ ಬಿಗಿದ ಮುಚ್ಚಳದ ಕೊಳಗಗಳನ್ನು ಕಂಡಾಗಲೆಲ್ಲ ನನಗೆ ಆಸ್ಪತ್ರೆಯ ಬಾಗಿಲು ನೆನಪಾಗುತ್ತದೆ.

ಹಾಗಿದ್ದೂ ನಾನೇ ಮತ್ತೆ ಪಲಾವು ಕೇಳಲು ಹೋದದ್ದೇಕೆ ಎನ್ನುತ್ತೀರಿ. ಕಟ್ಟಿಕೊಂಡು ಹೋದರೆ ಖರ್ಚು ಉಳಿಯುತ್ತದೆ, ಉಳಿದ ಹಣದಲ್ಲಿ ಇನ್ನೂ ನಾಲ್ಕು ಬಡ ಮಕ್ಕಳನ್ನು ಕರೆದುಕೊಂಡು ಹೋಗಬಹುದು ಎಂದು ಸಹೋದ್ಯೋಗಿಗಳು ಅಂದರು. ನನಗೂ ಸರಿ ಎನಿಸಿತು. ಹೋದ ಸಲವೂ ಕಾರಣ ಒಳ್ಳೆಯದೇ ಇತ್ತು.

ಶಿಷ್ಯ ಬರೀ ಆಗಲ್ಲ ಎಂದು ಕಳಿಸಲಿಲ್ಲ. ಬೆಳಗಿನ ತಿಂಡಿಗೆ ಚಪಾತಿ, ಚಟ್ನಿಪುಡಿ ಅವನದು. ಮಧ್ಯಾಹ್ನದ ಊಟಕ್ಕೆ ಚಿತ್ರದುರ್ಗದಲ್ಲಿ ತನಗೆ ಗೊತ್ತಿರುವ ಹೋಟೆಲಿಗೆ ಫೋನು ಮಾಡಿ, ಮಕ್ಕಳ ರೇಟಿನಲ್ಲಿ ಬಿಸಿ ಅನ್ನ ಸಾರು ಒಪ್ಪಿಸಿದ. ಅರವತ್ತು ಪ್ಲೇಟಿನ ವ್ಯಾಪಾರ ಕೈಬಿಟ್ಟು ಇನ್ನೊಬ್ಬರಿಗೆ ಕೊಡಿಸಿದ. ಫೋನಿನಲ್ಲಿ ಕೊನೆಗೆ ಕೇಳಿದ ಮಾತು ನನಗೂ ಕೇಳಿಸಿತು: “ಅನ್ನ ಎಷ್ಟು ಗಂಟೆಗೆ ಇಳಿಸ್ತೀರಿ?”

ಕಾಫಿಯ ದುಡ್ಡು ತೆಗೆದುಕೊಳ್ಳಲಿಲ್ಲ. ಬಸ್ಸು ಮುಂದಿನ ಶುಕ್ರವಾರ ಹೊರಡುತ್ತದೆ. ಮಕ್ಕಳಿಗೆಲ್ಲ ಒಂದೊಂದು ತುಂಡು ಸೋಪು ತರಲು ಹೇಳಿದ್ದೇನೆ. ಊಟದ ಗಂಟೆ ಬರೆದಿಡಲು ಈ ಸಲ ಒಂದು ಪುಸ್ತಕ ನನ್ನ ಚೀಲದಲ್ಲಿರುತ್ತದೆ.