ಕಿರುವಿಮಾನ ಕಲಿಸುವ ಪಾಠ

‘ಹೊತ್ತು ಹಾಳುಮಾಡುವ ಆಟ’ ಎಂದು ಹಿರಿಯರು ಬದಿಗೆ ಸರಿಸುವ ಹವ್ಯಾಸಗಳಲ್ಲಿ ವಿಮಾನದ ಪ್ರತಿಕೃತಿ ಮಾಡುವುದೂ ಒಂದು. ಪರೀಕ್ಷೆಗೆ ಬಾರದ ವಿಷಯ, ಅಂಟು-ಬಣ್ಣಗಳ ಖರ್ಚು, ಸಾಲದ್ದಕ್ಕೆ ಯುದ್ಧದ ಯಂತ್ರ. ಪೋಷಕರ ಈ ಮೂರು ಆಕ್ಷೇಪಗಳಲ್ಲಿ ಯಾವುದನ್ನೂ ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೂ ವ್ಯಾಕರಣ, ಪ್ರಬಂಧ ಕಲಿಸುವ ಅಧ್ಯಾಪಕನಾದ ನಾನು ಈ ಕೆಲಸದ ಪರವಾಗಿ ಕೆಲವು ಮಾತುಗಳನ್ನು ಬರೆಯಬಯಸುತ್ತೇನೆ. ಶ್ರದ್ಧೆಯಿಂದ ಮಾಡಿದರೆ ಅದು ಬರಿಯ ಕೈಗೆಲಸವಲ್ಲ. ಇದ್ದುದನ್ನು ಇದ್ದಂತೆ ಕಾಣುವ, ಕಂಡಂತೆ ಹೇಳುವ ಅಭ್ಯಾಸ. ಪ್ರಬಂಧ ಬರೆಯುವವನಿಗೂ ಬೇಕಾದದ್ದು ಅದೇ ಅಲ್ಲವೇ?

ಒಂದು ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಎರಡನೆಯ ಮಹಾಯುದ್ಧದಲ್ಲಿ ಹೆಸರಾದ ಬ್ರಿಟನ್ನಿನ ಸ್ಪಿಟ್‌ಫೈರ್ ವಿಮಾನವನ್ನು ರೂಪಿಸಿದವರು ಆರ್. ಜೆ. ಮಿಚೆಲ್ ಎಂಬ ಎಂಜಿನಿಯರ್. 1936ರ ಮಾರ್ಚ್ 5ರಂದು ಅದು ಮೊದಲ ಬಾರಿಗೆ ಹಾರಿತು. ಮರುವರ್ಷವೇ ಮಿಚೆಲ್ ತೀರಿಕೊಂಡರು. ಮುಂದೆ ಅಂಥ 20,000ಕ್ಕೂ ಹೆಚ್ಚು ವಿಮಾನಗಳು ತಯಾರಾದವು. 1970ರಲ್ಲಿ ಏರ್‌ಫಿಕ್ಸ್ ಎಂಬ ಕಂಪೆನಿ ಇದರ ಮೊದಲನೆಯ ಬಗೆಯನ್ನು, ಅಂದರೆ ‘ಮಾರ್ಕ್ ಒಂದು’ ಎಂಬುದನ್ನು, 24ರಲ್ಲಿ ಒಂದು ಪಾಲಿನ ಅಳತೆಯಲ್ಲಿ ಪ್ಲಾಸ್ಟಿಕ್ ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿಟ್ಟು ಮಾರಿತು. ನಿಜವಾದ ವಿಮಾನದ ರೆಕ್ಕೆಗಳ ಒಟ್ಟು ಅಗಲ 11.23 ಮೀಟರು. 24ರಿಂದ ಭಾಗಿಸಿದರೆ ಸುಮಾರು 46.8 ಸೆಂಟಿಮೀಟರು. ಮೇಜಿನ ಅರ್ಧ ಜಾಗವನ್ನು ಹಿಡಿಯುವ ವಿಮಾನವಿದು.

ಪೆಟ್ಟಿಗೆಯಲ್ಲಿ ಇದ್ದುದನ್ನು ಚೀಟಿಯಲ್ಲಿ ಹೇಳಿದಂತೆ ಅಂಟಿಸಿದರೆ ವಿಮಾನವೊಂದು ಆಗುತ್ತದೆ. ಅಷ್ಟಕ್ಕೆ ನಿಲ್ಲಿಸುವವರು ಬಹಳ. ನಾನು ಹೇಳಹೊರಟದ್ದು ಅದರ ಮುಂದಿನ ಎರಡು ಕೆಲಸಗಳನ್ನು. ಒಂದು, ಪೆಟ್ಟಿಗೆ ಬಿಟ್ಟುಹೋದ ವಿವರಗಳನ್ನು ತುಂಬುವುದು. ಇನ್ನೊಂದು, ಪೆಟ್ಟಿಗೆಯಲ್ಲಿರುವ ಬಗೆಯನ್ನು ಬೇರೊಂದು ಬಗೆಯಾಗಿ ಮಾರ್ಪಡಿಸುವುದು.

ವಿವರ ತುಂಬುವಲ್ಲಿ ಮೊದಲ ಗುರು ಗಣಿತ. ಪ್ರತಿಕೃತಿಯಲ್ಲಿ ಪ್ಲಾಸ್ಟಿಕ್ಕಿನ ದಪ್ಪ ಒಂದು ಮಿಲಿಮೀಟರು ಇದ್ದರೆ ಅದು ನಿಜವಾದ ವಿಮಾನದಲ್ಲಿ 24 ಮಿಲಿಮೀಟರು ಎಂದಾಯಿತು! ಹಾರುವ ಯಂತ್ರಕ್ಕೆ ಅಷ್ಟು ದಪ್ಪನೆಯ ತೊಗಲು ಎಲ್ಲಿಯಾದರೂ ಉಂಟೇ? ಅದರ ಲೋಹದ ಹೊದಿಕೆ ತೆಳ್ಳಗಿನ ತಗಡು. ಆದ್ದರಿಂದ ತೆರೆದ ಬಾಗಿಲು, ಮುಚ್ಚಳಗಳ ಅಂಚುಗಳನ್ನು ಉಪ್ಪುಕಾಗದದಿಂದ ಉಜ್ಜಿ ಉಜ್ಜಿ ತೆಳುವಾಗಿಸಬೇಕು. ಚಾಲಕನನ್ನು ಆಸನಕ್ಕೆ ಬಿಗಿಯುವ ಪಟ್ಟಿ ಎರಡು ಇಂಚು ಅಗಲವಿದ್ದರೆ ಇಲ್ಲಿ ಎರಡೇ ಮಿಲಿಮೀಟರು. ತೆಳು ಕಾಗದವನ್ನು ಬ್ಲೇಡಿನಿಂದ ಸೀಳಿ ಮಾಡಬಹುದು. ಯಂತ್ರದ ನಳಿಗೆಗಳಿಗೆ ಹಳೆಯ ವಿದ್ಯುತ್ ತಂತಿಯೊಳಗಿನ ತಾಮ್ರದ ಎಳೆ ಸಾಕು. ಚಾಲಕನ ಮುಂದಿನ ಹಲಗೆಯಲ್ಲಿ ವೇಗ, ಎತ್ತರ, ದಿಕ್ಕು, ಏರಿಕೆ, ತಿರುವು, ದಿಗಂತ ಇವುಗಳನ್ನು ತೋರಿಸುವ ಆರು ಮುಖ್ಯ ಮಾಪಕಗಳು ಇದ್ದವು. ಪ್ರತಿಯೊಂದನ್ನೂ ಸುಮಾರು ಮೂರು ಮಿಲಿಮೀಟರಿನ ವೃತ್ತದಲ್ಲಿ ಬರೆಯಬೇಕು. ಕೈ ನಡುಗಬಾರದು, ಮನಸ್ಸು ಅವಸರಪಡಬಾರದು.

ವಿವರ ಎಂದರೆ ಕಂಡಕಂಡಲ್ಲಿ ಸೇರಿಸುವುದೆಂದು ಅರ್ಥವಲ್ಲ. ಬಣ್ಣ ಸವೆದಂತೆ ತೋರಿಸುವ ಆಸೆ ಎಲ್ಲರಿಗೂ ಇದೆ. ಸ್ಪಿಟ್‌ಫೈರಿನ ಚಾಲಕನ ಬಾಗಿಲು ಎಡಬದಿಗೆ. ಅವನು ಹತ್ತಿ ಇಳಿಯುತ್ತಿದ್ದುದು ಎಡರೆಕ್ಕೆಯ ಬುಡದ ಮೇಲಿಂದ. ಅವನ ಬೂಟು ತಗಲಿ ಸವೆದುದನ್ನು ಎಡಕ್ಕೆ ಹೆಚ್ಚು ತೋರಿಸಬೇಕು. ಅಂದಕ್ಕಾಗಿ ಎರಡೂ ಬದಿಗೆ ಸಮವಾಗಿ ಬಳಿದರೆ ಅದು ಸುಳ್ಳು. ಹೀಗೆ ಪ್ರತಿಯೊಂದು ಗೀರಿಗೂ ‘ಯಾಕೆ?’ ಎಂಬ ಪ್ರಶ್ನೆಗೆ ಉತ್ತರವಿರಬೇಕು.

ಮಾರ್ಪಡಿಸುವ ಕೆಲಸ ಇದಕ್ಕಿಂತ ಕಠಿಣ. ನಮ್ಮ ಮಕ್ಕಳಿಗೆ ಇದನ್ನು ಯಕ್ಷಗಾನದ ಮೂಲಕ ಹೇಳುವುದು ಸುಲಭ. ಕರ್ಣ ತೆಂಕುತಿಟ್ಟಿನಲ್ಲಿಯೂ ಕರ್ಣನೇ, ಬಡಗುತಿಟ್ಟಿನಲ್ಲಿಯೂ ಕರ್ಣನೇ. ಆದರೆ ವೇಷ ಒಂದೇ ಅಲ್ಲ. ನಮ್ಮ ಕಾಸರಗೋಡಿನ ಯಕ್ಷಗಾನ ಬೊಂಬೆಯಾಟದಲ್ಲಿ ಗೊಂಬೆ ಎಷ್ಟು ಚಿಕ್ಕದಾದರೂ ಕಿರೀಟ, ಭುಜಕೀರ್ತಿ, ಎದೆಪದಕ ತೆಂಕಿನವೇ ಆಗಿರಬೇಕು. ಅದಕ್ಕೆ ಬಡಗಿನ ಮುಂಡಾಸು ಸುತ್ತಿದರೆ ನೋಡುವ ಹಿರಿಯರು ಒಪ್ಪಿಯಾರೇ? ಸ್ಪಿಟ್‌ಫೈರಿನ ಬಗೆಗಳಿಗೂ ಇದೇ ಮಾತು ಸಲ್ಲುತ್ತದೆ.

ಮಾರ್ಕ್ ಒಂದರ ಸಾಮಾನ್ಯ ರೂಪದಲ್ಲಿ ರೆಕ್ಕೆಗೆ ನಾಲ್ಕರಂತೆ ಎಂಟು ಮೆಷಿನ್‌ಗನ್‌ಗಳು. 1941ರಲ್ಲಿ ಬಂದ ಮಾರ್ಕ್ ಐದರ ‘ಬಿ’ ರೂಪದಲ್ಲಿ ರೆಕ್ಕೆಗೆ ಒಂದು 20 ಮಿಲಿಮೀಟರಿನ ಫಿರಂಗಿ, ಎರಡು ಮೆಷಿನ್‌ಗನ್. ಆದ್ದರಿಂದ ಒಳಬದಿಯ ಎರಡು ತೂತುಗಳನ್ನು ಮುಚ್ಚಬೇಕು. ಮುಂದಕ್ಕೆ ಚಾಚಿದ ಫಿರಂಗಿಯ ನಳಿಗೆ ಇಡಬೇಕು. ಬರೆದು ಮುಗಿದ ಬಾಲ್‌ಪೆನ್ನಿನ ಕಡ್ಡಿ ಅದಕ್ಕೆ ಒದಗುತ್ತದೆ. ಗುಂಡಿನ ಡಬ್ಬಿಗೆ ಜಾಗ ಸಾಲದೆ ರೆಕ್ಕೆಯ ಮೇಲೆ ಉಬ್ಬು ಬಂದಿತ್ತು, ಅದನ್ನೂ ಮಾಡಬೇಕು. ಎಡರೆಕ್ಕೆಯ ಅಡಿಯಲ್ಲಿ ಎಣ್ಣೆ ತಂಪುಮಾಡುವ ಪೆಟ್ಟಿಗೆಯ ಬಾಯಿ ಮೊದಲು ಅರ್ಧಚಂದ್ರದಂತೆ ಇತ್ತು. ಹೆಚ್ಚು ಬಲದ ಮರ್ಲಿನ್ 45 ಎಂಜಿನ್ ಬಂದ ಮೇಲೆ ಅದು ದೊಡ್ಡದಾಗಿ ದುಂಡಗಾಯಿತು. ಎಂಜಿನ್ ಬಲವಾದರೆ ಶಾಖ ಹೆಚ್ಚು, ಶಾಖ ಹೆಚ್ಚಿದರೆ ತಂಪುಮಾಡುವ ಪೆಟ್ಟಿಗೆ ದೊಡ್ಡದು. ವಿಜ್ಞಾನದ ಪಾಠ ಕೈಯಲ್ಲೇ ಬಂತಲ್ಲ!

ಇನ್ನು, ಮಾರ್ಕ್ ಐದನ್ನು ಯಾವ ದಳದ ವಿಮಾನವಾಗಿ ಮಾಡುವುದು? ಇಲ್ಲಿ ಕನ್ನಡಿಗರಿಗೆ ಹತ್ತಿರದ ಸಂಗತಿಯೊಂದಿದೆ. 1941ರ ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ಲೆಕನ್‌ಫೀಲ್ಡ್ ಎಂಬಲ್ಲಿ ಬ್ರಿಟಿಷ್ ವಾಯುಪಡೆಯ 129ನೆಯ ದಳ ಸ್ಪಿಟ್‌ಫೈರ್‌ಗಳೊಂದಿಗೆ ಮತ್ತೆ ರಚನೆಯಾಯಿತು. ಮೈಸೂರು ಸಂಸ್ಥಾನ ಕೊಟ್ಟ ಹಣದ ನೆನಪಿಗಾಗಿ ಅದಕ್ಕೆ ‘ಮೈಸೂರು’ ದಳವೆಂದೇ ಹೆಸರು. ಅದರ ಲಾಂಛನದಲ್ಲಿ ಇದ್ದುದು ನಮ್ಮ ಗಂಡಭೇರುಂಡ. ಅದೇ ವರ್ಷ ಆ ದಳ ಮಾರ್ಕ್ ಐದಕ್ಕೆ ಬದಲಾಯಿತು.

ಬಣ್ಣ ಬಳಿಯುವ ಮುನ್ನ ತಿಂಗಳನ್ನು ತಿಳಿಯಬೇಕು. 1941ರ ಆಗಸ್ಟ್ ನಡುವಿನವರೆಗೆ ಅಲ್ಲಿನ ಯುದ್ಧವಿಮಾನಗಳ ಮೇಲ್ಭಾಗಕ್ಕೆ ಕಂದು ಮತ್ತು ಕಡುಹಸಿರು. ಆಮೇಲೆ ಸಮುದ್ರದ ಮೇಲೆ ಹಾರುವುದು ಹೆಚ್ಚಾದುದರಿಂದ ಕಂದಿನ ಬದಲು ಬೂದುಬಣ್ಣ ಬಂತು. ಮತ್ತೆ ರಚನೆಯಾದ ವರ್ಷದಲ್ಲೇ ಬಣ್ಣ ಬದಲಾದ ದಳವಿದು. ಒಂದು ತಿಂಗಳು ತಪ್ಪಿದರೆ ಇಡೀ ವಿಮಾನವೇ ತಪ್ಪು.

ಗಂಡಭೇರುಂಡದ ಕಥೆ ಕೇಳಿದ ಹುಡುಗ ಏನು ಮಾಡಬಯಸುತ್ತಾನೆ? ವಿಮಾನದ ಪಕ್ಕೆಯ ಮೇಲೆ ಎರಡು ತಲೆಯ ಹಕ್ಕಿಯನ್ನು ದೊಡ್ಡದಾಗಿ ಬರೆಯಬಯಸುತ್ತಾನೆ. ಆಸೆ ಸಹಜ. ಗಡಿಯಾಚೆ ಬಾಳುವ ನಮಗಂತೂ ಅಂಥ ಗುರುತು ಕಂಡರೆ ಎದೆಯುಬ್ಬುತ್ತದೆ. ಆದರೆ ನನ್ನ ಅಭಿಪ್ರಾಯ ಸ್ಪಷ್ಟ. ತಾನು ಮಾಡುತ್ತಿರುವ ಆ ಒಂದು ವಿಮಾನದ ಛಾಯಾಚಿತ್ರದಲ್ಲಿ ಹಕ್ಕಿ ಕಾಣದಿದ್ದರೆ ಅವನು ಅದನ್ನು ಬರೆಯಕೂಡದು. ದಳಕ್ಕೆ ಲಾಂಛನವಿತ್ತು ಎಂದ ಮಾತ್ರಕ್ಕೆ ಪ್ರತಿಯೊಂದು ವಿಮಾನದ ಮೇಲೂ ಅದು ಇತ್ತೆಂದು ಆಗುವುದಿಲ್ಲ. ಪ್ರೀತಿ ಪುರಾವೆಯಲ್ಲ. ನಾಡಿನ ಮೇಲೆ, ಭಾಷೆಯ ಮೇಲೆ ನಿಜವಾದ ಅಭಿಮಾನ ಇರುವವನು ಅದರ ಹೆಸರಿನಲ್ಲಿ ಇಲ್ಲದ್ದನ್ನು ಸೇರಿಸಲಾರ. ಲಾಂಛನವನ್ನು ಬೇರೆ ಹಲಗೆಯ ಮೇಲೆ ಚೆಂದವಾಗಿ ಬರೆದು ವಿಮಾನದ ಪಕ್ಕದಲ್ಲಿ ಇಡಲಿ, ಅದು ಸತ್ಯ.

ಸತ್ಯದ ಇನ್ನೊಂದು ಮಗ್ಗುಲನ್ನೂ ಆ ಹಲಗೆಯಲ್ಲಿ ಬರೆಯಬೇಕು. ಆ ಹಣ ಹೋದುದು ನಾವು ಪರರ ಆಳ್ವಿಕೆಯಲ್ಲಿದ್ದ ಕಾಲದಲ್ಲಿ. 1942ರಲ್ಲಿ, ಆ ದಳ ಹಾರಾಡುತ್ತಿದ್ದಾಗಲೇ, ನಮ್ಮ ದೇಶದ ಸಾವಿರಾರು ಜನರು ‘ಕ್ವಿಟ್ ಇಂಡಿಯಾ’ ಚಳವಳಿಯಲ್ಲಿ ಸೆರೆಮನೆ ಸೇರಿದರು. ಅತ್ತ ಹಿಟ್ಲರನ ಕ್ರೌರ್ಯವನ್ನು ತಡೆಯುವ ಯುದ್ಧ, ಇತ್ತ ತಡೆಯುವವರಿಂದಲೇ ಬಿಡುಗಡೆ ಪಡೆಯುವ ಹೋರಾಟ. ಎರಡೂ ನಿಜ.

ಯುದ್ಧಯಂತ್ರದ ಪ್ರತಿಕೃತಿ ಮಕ್ಕಳಲ್ಲಿ ಹಿಂಸೆಯನ್ನು ಬಿತ್ತುವುದೇ? ‘ಢಂ ಢಂ’ ಎಂದು ಆಡುವ ಆಟಿಕೆಯಾದರೆ ಆ ಭಯಕ್ಕೆ ಅರ್ಥವಿದೆ. ಆದರೆ ಆಸನದ ಪಟ್ಟಿಯನ್ನು ಎರಡು ಮಿಲಿಮೀಟರಿಗೆ ಸೀಳುವ ಹುಡುಗಿಗೆ ಅಲ್ಲಿ ಕುಳಿತವನ ನೆನಪು ಬಾರದೆ ಇರದು. ಅವನಲ್ಲಿ ಅನೇಕರಿಗೆ ವಯಸ್ಸು ಇಪ್ಪತ್ತರ ಆಚೀಚೆ. ಅವನ ಎದುರಿಗೆ ಜರ್ಮನ್ ವಿಮಾನದಲ್ಲಿದ್ದವನಿಗೂ ಅಷ್ಟೇ. ಫಿರಂಗಿಯನ್ನು ಕೈಯಾರೆ ಜೋಡಿಸಿದವರಿಗೆ ಅದು ಯಾತಕ್ಕೆ ಇತ್ತು ಎಂಬುದು ಮರೆಯುವುದಿಲ್ಲ. ಮರೆಮಾಚುವುದಕ್ಕಿಂತ ತಿಳಿದು ಮಾಡುವುದು ಲೇಸು.

ಖರ್ಚಿನ ಮಾತು ಉಳಿಯಿತು. ದೊಡ್ಡ ಅಳತೆಯ ಪೆಟ್ಟಿಗೆಗಳು ಸಾಮಾನ್ಯ ಮನೆಗೆ ಎಟುಕುವಂಥವಲ್ಲ. ಅವನ್ನು ಕೊಡಿಸಿರೆಂದು ನಾನು ಯಾವ ತಂದೆತಾಯಿಗೂ ಹೇಳಲಾರೆ. ಆದರೆ ರಟ್ಟು, ಹಗುರ ಮರ, ಹಳೆಯ ತಂತಿ, ಉಪ್ಪುಕಾಗದ ಇವು ಎಲ್ಲೆಲ್ಲೂ ಸಿಗುತ್ತವೆ. ವಿಧಾನಕ್ಕೆ ಬೆಲೆಯಿಲ್ಲ. ವೃತ್ತಿ ಪರಿಚಯ ಮೇಳಕ್ಕೆ ಸಿದ್ಧವಾಗುವ ನಮ್ಮ ಮಕ್ಕಳು ನಾಲ್ಕೈದು ಮಂದಿ ಸೇರಿ ವರ್ಷಕ್ಕೆ ಒಂದೇ ಪ್ರತಿಕೃತಿ ಮಾಡಲಿ. ವಿಮಾನವೇ ಆಗಬೇಕೆಂದಿಲ್ಲ; ಊರಿನ ದೋಣಿಯಾದರೂ ಸರಿ. ಜೊತೆಗೆ ಒಂದು ಪುಟ ಬರೆಯಲಿ: ಇದು ಯಾವುದು, ಯಾವ ಕಾಲದ್ದು, ಯಾವ ಭಾಗ ಹೀಗಿತ್ತೆಂದು ನಮಗೆ ಹೇಗೆ ಗೊತ್ತಾಯಿತು. ಆ ಪುಟವನ್ನು ತಿದ್ದಲು ಭಾಷೆಯ ಅಧ್ಯಾಪಕರು ಸಿದ್ಧರಿದ್ದೇವೆ.

ಮಕ್ಕಳೇ, ಪೆಟ್ಟಿಗೆಯಾಗಲಿ ಪುಸ್ತಕವಾಗಲಿ ಎಲ್ಲರಿಗೂ ಒಂದೇ ಆಗಿ ಬರುತ್ತದೆ. ಅದನ್ನು ಪರೀಕ್ಷಿಸಿ, ತಿದ್ದಿ, ತುಂಬಿ ನಿಜಕ್ಕೆ ಹತ್ತಿರ ತರುವುದು ನಿಮ್ಮ ಕೈಯಲ್ಲಿದೆ. ಪೋಷಕರೇ, ಮಗು ರಟ್ಟು ಕತ್ತರಿಸುತ್ತ ಕುಳಿತಿದ್ದರೆ ‘ಓದು’ ಎಂದು ಎಬ್ಬಿಸುವ ಮೊದಲು ಒಮ್ಮೆ ಹತ್ತಿರ ಹೋಗಿ, ‘ಇದು ಹೀಗೆ ಯಾಕೆ?’ ಎಂದು ಕೇಳಿ ನೋಡಿರಿ. ಉತ್ತರ ಬಂದರೆ, ಓದು ನಡೆಯುತ್ತಿದೆ ಎಂದು ತಿಳಿಯಿರಿ.