ಮಾಂತ್ರಿಕನ ಕುದುರೆ ಏನಾಯಿತು?

ರಾತ್ರಿಯ ಹೊತ್ತು ಅಜ್ಜಿ ಮಾಂತ್ರಿಕನ ಕಥೆಯನ್ನು ಹೇಳಿ ಮುಗಿಸುತ್ತಾಳೆ. ರಾಕ್ಷಸ ಸತ್ತಿದ್ದಾನೆ, ರಾಜಕುಮಾರಿಗೆ ಮದುವೆಯಾಗಿದೆ, ಮಾಂತ್ರಿಕ ತನ್ನ ಲೋಕಕ್ಕೆ ಮರಳಿದ್ದಾನೆ. ನಿದ್ದೆ ಕವಿಯುತ್ತಿರುವ ಮೊಮ್ಮಗು ಆಗ ಕೇಳುತ್ತದೆ: “ಅಜ್ಜೀ, ಅವನ ಕುದುರೆ ಏನಾಯಿತು?” ಅಜ್ಜಿಗೆ ತಟ್ಟನೆ ಉತ್ತರ ತೋಚುವುದಿಲ್ಲ. ಏಳು ಸಮುದ್ರ ದಾಟಿಸಿದ ಕುದುರೆಯನ್ನು ಅವಳು ಕಥೆಯ ನಡುವಿನಲ್ಲೆಲ್ಲೋ ಕಟ್ಟಿಹಾಕಿ ಮರೆತುಬಿಟ್ಟಿದ್ದಾಳೆ.

ಹೆಸರಾಂತ ಕಥೆಗಾರರೂ ಈ ಪ್ರಶ್ನೆಯಿಂದ ತಪ್ಪಿಸಿಕೊಂಡಿಲ್ಲ. ಆಂಗ್ಲ ಲೇಖಕ ಟೋಲ್ಕಿನ್ 1954–55ರಲ್ಲಿ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಎಂಬ ಅದ್ಭುತ ಕಾದಂಬರಿಯನ್ನು ಮೂರು ಸಂಪುಟಗಳಲ್ಲಿ ಪ್ರಕಟಿಸಿದರು. ಅದರಲ್ಲಿ ಗ್ಯಾಂಡಾಲ್ಫನೆಂಬ ಮಾಂತ್ರಿಕನಿಗೆ ಷ್ಯಾಡೋಫ್ಯಾಕ್ಸ್ ಎಂಬ ಕುದುರೆ. ಮಾಂತ್ರಿಕನು ಥಿಯೋಡೆನ್ ದೊರೆಯನ್ನು ದುರ್ಬೋಧೆಯ ಮಂಪರಿನಿಂದ ಎಚ್ಚರಿಸಿದಾಗ, ದೊರೆ ತನ್ನ ಕತ್ತಿಯೊಂದನ್ನುಳಿದು ಬೇಕಾದುದನ್ನು ಕೇಳೆನ್ನುತ್ತಾನೆ. ಮಾಂತ್ರಿಕ ಹೊನ್ನು ಕೇಳುವುದಿಲ್ಲ, ಭೂಮಿ ಕೇಳುವುದಿಲ್ಲ. ಆ ಕುದುರೆಯನ್ನು ಕೇಳಿ ಪಡೆಯುತ್ತಾನೆ.

ಸಾಮಾನ್ಯ ಕುದುರೆಯ ಆಯುಸ್ಸು ಇಪ್ಪತ್ತೈದು ಮೂವತ್ತು ವರ್ಷ. ಷ್ಯಾಡೋಫ್ಯಾಕ್ಸಿನ ಕುಲಕ್ಕಾದರೋ ಟೋಲ್ಕಿನ್ ಮನುಷ್ಯನಷ್ಟು ಆಯುಸ್ಸನ್ನು ಕೊಟ್ಟಿದ್ದಾರೆ. ಆ ಕುಲದ ಮೂಲಪುರುಷನಾದ ಕುದುರೆ ತನ್ನ ಅರಸನೊಡನೆ ಒಂದೇ ಸಮಾಧಿಯಲ್ಲಿ ಮಲಗಿತೆಂದೂ ಬರೆದಿದ್ದಾರೆ. ಇಷ್ಟೆಲ್ಲ ಹೇಳಿದವರು ಕೊನೆಯಲ್ಲಿ ಮಾತ್ರ ಮೌನ ತಾಳಿದರು. ಕಾದಂಬರಿಯ ಅಂತ್ಯದಲ್ಲಿ ಮಾಂತ್ರಿಕನು ಬಂದರಿನ ಕಟ್ಟೆಯ ಮೇಲೆ ಕುದುರೆಯ ಪಕ್ಕದಲ್ಲಿ ನಿಂತಿದ್ದಾನೆ. ಹಡಗು ಪಶ್ಚಿಮದ ಅಮರರ ನಾಡಿಗೆ ಹೊರಡುತ್ತದೆ. ಕುದುರೆ ಹಡಗು ಹತ್ತಿತೆ, ದಡದಲ್ಲೇ ಉಳಿಯಿತೆ? ಅಚ್ಚಾದ ಪುಟಗಳಲ್ಲಿ ಆ ಮಾತಿಲ್ಲ.

ಇದನ್ನು ಓದುಗರೊಬ್ಬರು ಕೇಳಿಯೇ ಬಿಟ್ಟರು. 1965ರ ಪತ್ರವೊಂದರಲ್ಲಿ ಟೋಲ್ಕಿನ್, ಕುದುರೆಯೂ ಒಡೆಯನೊಡನೆ ಹೋಯಿತೆಂದೇ ಉತ್ತರಿಸಿದರು. ಅಚ್ಚಿಗೆ ಕೊಡದೆ ಕೈಬಿಟ್ಟ ಉಪಸಂಹಾರದ ಕರಡಿನಲ್ಲಿಯೂ ಅವರು ಹಾಗೆಯೇ ಬರೆದಿದ್ದರು. ಅಮರರ ನಾಡನ್ನು ಸೇರಿದ ಮರ್ತ್ಯರು ಮರ್ತ್ಯರಾಗಿಯೇ ಉಳಿಯುವರೆಂಬುದು ಅವರ ಕಥಾಲೋಕದ ನಿಯಮ. ಆದುದರಿಂದ ಕುದುರೆಗೆ ದೊರೆತದ್ದು ಸಾವಿಲ್ಲದ ಬಾಳೆನ್ನುವಂತಿಲ್ಲ; ಒಡೆಯನು ತನ್ನನ್ನು ಬಿಟ್ಟುಹೋಗಲಿಲ್ಲವೆಂಬ ಭಾಗ್ಯ ದೊರೆಯಿತು.

ವಿಸ್ಮಯವೆಂದರೆ, ಇಂಥದೇ ಒಂದು ವರದಾನ ನಮ್ಮ ಮದ್ದೂರು ಸೀಮೆಯಲ್ಲಿ ಸಾವಿರ ವರ್ಷಗಳ ಹಿಂದೆ ನಿಜವಾಗಿಯೇ ನಡೆದಿತ್ತು. ಕ್ರಿ. ಶ. 949ರಲ್ಲಿ ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಇಮ್ಮಡಿ ಬೂತುಗನು ಹೋರಾಡಿದನು. ಚೋಳರ ರಾಜಾದಿತ್ಯನು ಮಡಿದನು. ಬೂತುಗನ ಆಳು ಮಣಲೆರನ ಪರಾಕ್ರಮಕ್ಕೆ ದೊರೆ ಮೆಚ್ಚಿ, ಬೇಕಾದುದನ್ನು ಬೇಡಿಕೊಳ್ಳೆಂದನು. ಮಣಲೆರನು ಬೇಡಿದುದು ಕಾಳಿಯೆಂಬ ನಾಯಿಯನ್ನು!

ಆ ಕಾಳಿಯನ್ನು ಬೆಳತೂರಿನ ಪಡುವಣ ಮೊರಡಿಯಲ್ಲಿ ದೊಡ್ಡ ಹಂದಿಯೊಂದರ ಮೇಲೆ ಬಿಟ್ಟರು. ನಾಯಿಯೂ ಹಂದಿಯೂ ಒಂದನ್ನೊಂದು ಕೊಂದು ಜೊತೆಯಲ್ಲೇ ಸತ್ತವು. ಕಥೆಯನ್ನು ಅಲ್ಲಿಗೇ ಮರೆಯಬಹುದಾಗಿತ್ತು. ಮರೆಯಲಿಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನೆಟ್ಟರು. ನಾಯಿ ಹಂದಿಗಳ ಹೋರಾಟವನ್ನು ಅದರ ಮೇಲೆ ಕೆತ್ತಿಸಿದರು. ಎರಡು ಖಂಡುಗದ ಭೂಮಿಯನ್ನು ಬಿಟ್ಟುಕೊಟ್ಟರು. ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ನಾಯಿಯ ಪಾಪ ತಟ್ಟುವುದೆಂದು ಕಟ್ಟಳೆಯನ್ನೂ ಬರೆಸಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ನಾಯಿಯೊಂದರ ಆಯುಸ್ಸು ಸಾಮಾನ್ಯವಾಗಿ ಹದಿನೈದು ವರ್ಷದೊಳಗೆ. ಕಾಳಿಯ ಹೆಸರಿಗೆ ಸಾವಿರ ವರ್ಷ ಮೀರಿತು.

ತಕ್ಕೋಲದ ರಣರಂಗದಲ್ಲಿ ಬಿದ್ದ ಕುದುರೆಗಳ ಹೆಸರುಗಳನ್ನು ಈ ಕಲ್ಲು ಹೇಳುವುದಿಲ್ಲ. ದೊರೆಗಳನ್ನು ಹೊತ್ತು ನಡೆದು ಲೆಕ್ಕಕ್ಕೆ ಸಿಕ್ಕದೆ ಹೋದ ಪ್ರಾಣಿಗಳೆಷ್ಟೋ! ಅವುಗಳ ನಡುವೆ ಕಾಳಿ ಉಳಿದುಬಂದದ್ದು, ಅದನ್ನು ಬೇಡಿ ಪಡೆದವನು ಬೇಡಿದ ಋಣವನ್ನು ಸಾವಿನ ನಂತರವೂ ನೆನೆದದ್ದರಿಂದ.

ಆ ಋಣಪ್ರಜ್ಞೆ ಈ ನೆಲದಲ್ಲಿ ಇಂದಿಗೂ ಬತ್ತಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಹಳ್ಳಿಗಳಲ್ಲಿ ದೇವರ ಹೆಸರಿನಲ್ಲಿ ಬಿಟ್ಟ ಬಸವಪ್ಪನಿರುತ್ತಾನೆ. ಅವನು ಬಾಗಿಲಿಗೆ ಬಂದರೆ ಮನೆಯವರು ಪಾದಕ್ಕೆ ನೀರೆರೆದು ಪೂಜಿಸುತ್ತಾರೆ. ಕಷ್ಟಸುಖವನ್ನು ಅವನ ಮುಂದೆ ತೋಡಿಕೊಳ್ಳುತ್ತಾರೆ. ಪವಾಡದ ಮಾತುಗಳನ್ನು ನಂಬುವುದು, ಬಿಡುವುದು ಅವರವರಿಗೆ ಸೇರಿದ್ದು. ಆದರೆ ಆ ಬಸವ ತೀರಿಕೊಂಡಾಗ ಅವನನ್ನು ಯಾರೂ ಊರಾಚೆ ಎಸೆದು ಬರುವುದಿಲ್ಲ. ಊರೇ ಕೂಡಿ ಮೆರವಣಿಗೆ ಮಾಡಿ, ಮಣ್ಣು ಕೊಟ್ಟು, ಮನೆಯ ಹಿರಿಯನಿಗೆ ಸಲ್ಲಿಸುವ ಮರ್ಯಾದೆಯನ್ನು ಸಲ್ಲಿಸುತ್ತದೆ.

ಆದುದರಿಂದ ಮೊಮ್ಮಗುವಿನ ಪ್ರಶ್ನೆಯನ್ನು ಅಜ್ಜಿ ಗದರಿಸಿ ಕಳೆಯಬಾರದು. ಕುದುರೆ ಒಡೆಯನೊಡನೆ ಹಡಗು ಹತ್ತಿತೆನ್ನಲಿ. ಇಲ್ಲವೆ ಸತ್ತಿತು, ಗುಡಿಯ ಮುಂದೆ ಅದಕ್ಕೊಂದು ಕಲ್ಲು ನೆಟ್ಟರೆನ್ನಲಿ. ಎರಡರಲ್ಲಿ ಯಾವುದಾದರೂ ಆದೀತು. ಅಷ್ಟನ್ನು ಕೇಳಿದ ಮೇಲೆ ಮಗು ನೆಮ್ಮದಿಯಾಗಿ ನಿದ್ದೆಹೋಗುತ್ತದೆ.