ಏಳನೇ ನಮೂನೆ ಯಾರಿಗೆ?

ನಾಯಕನ ಗುಣವನ್ನು ನಾವು ಭಾಷಣದಲ್ಲಿ ಅಳೆಯೋದಿಲ್ಲ, ಹೊಲದಲ್ಲಿ ಅಳೀತೀವಿ. ಹುಣಸೂರು ಸೀಮೆ ಕಲ್ಲಹಳ್ಳಿಯ ದೇವರಾಜ ಅರಸು 1974ರಲ್ಲಿ ಭೂಸುಧಾರಣೆ ಕಾಯ್ದೆ ತಿದ್ದಿ ಸುಮ್ಮನೆ ಕೂರಲಿಲ್ಲ. ಭೂನ್ಯಾಯ ಮಂಡಳಿಗಳನ್ನು ಕೂರಿಸಿದರು. ಅಲ್ಲಿ ವಕೀಲರು ವಾದಿಸುವಂತಿಲ್ಲ ಅಂತ ಕಟ್ಟು ಮಾಡಿದರು. ಏಳನೇ ನಮೂನೆ ಅರ್ಜಿ ಹಿಡಿದ ಗೇಣಿದಾರ ‘ಉತ್ತೋನು ನಾನೇ ಸ್ವಾಮಿ’ ಅಂತ ಧಣಿಯ ಎದುರೇ ಹೇಳುವಂತಾಯ್ತು. ಇದನ್ನು ನಾವು ಒಪ್ಪುತ್ತೇವೆ.

ಆದರೆ ಗೇಣಿಯೂ ಇಲ್ಲದ ನಮ್ಮ ಕೇರಿಯ ಕೂಲಿಗಳು ಯಾವ ನಮೂನೆ ತುಂಬಬೇಕಿತ್ತು? ಅದೇ 1974ರಲ್ಲಿ, ಅರಸರದೇ ಜಿಲ್ಲೆಯಲ್ಲಿ, ಬೀಚನಹಳ್ಳಿಯ ಕಬಿನಿ ಕಟ್ಟೆ ಮುಗೀತು. ಹೆಗ್ಗಡದೇವನಕೋಟೆಯ ಊರುಗಳು, ಕಾಕನಕೋಟೆ ಕಾಡಿನ ಒಂದು ಪಾಲು ನೀರೊಳಗೆ ಹೋದವು. ಕಾಡನ್ನೇ ನಂಬಿದ್ದ ಜೇನುಕುರುಬರಿಗೆ ಗೇಣಿ ಚೀಟಿ ಎಲ್ಲಿಂದ ಬರಬೇಕು? ಉತ್ತವನನ್ನು ಕಂಡ ಕಣ್ಣು ಇವರನ್ನು ಕಾಣಲಿಲ್ಲ.

ದಲಿತರಿಗೆ ಮಂಜೂರಾದ ಜಮೀನು ಕೈಬಿಡದಿರಲಿ ಅಂತ 1978ರ ಕಾಯ್ದೆ ತಂದದ್ದೂ ಅರಸರೇ, ನಿಜ. ಆಮೇಲೆ ಬಂದವರು? ಆಗಸ್ಟ್ 20ಕ್ಕೆ ಅವರ ಪಟಕ್ಕೆ ಹಾರ. 2020ರಲ್ಲಿ ಆಳಿದವರಂತೂ ಬೇಸಾಯಗಾರನಲ್ಲದವನೂ ಹೊಲ ಕೊಳ್ಳಲಿ ಅಂತ ಅದೇ ಭೂಸುಧಾರಣೆ ಕಾಯ್ದೆಯ ಬೇಲಿ ಕಿತ್ತರು. ಹಾರ ಬ್ಯಾಡ. 2006ರ ಅರಣ್ಯ ಹಕ್ಕು ಕಾಯ್ದೆ ಕೈಯಲ್ಲಿದೆ. ಅದನ್ನು ಹಿಡಕೊಂಡು ಅಧಿಕಾರಿಗಳು ಹಾಡಿಗೇ ಬಂದು ಕೂರಲಿ, ಹಾಡಿಯ ಮಾತನ್ನೇ ಸಾಕ್ಷಿ ಅಂತ ಬರಕೊಳ್ಳಲಿ.